ಓದುಗರ ಪ್ರಶ್ನೆಗೆ ಉತ್ತರ: ಊರೂರು ಸುತ್ತೋ ಕತೆಗಳನ್ನ ಕ್ಲಾಸ್‌ರೂಮಲ್ಲಿ ಓದೋದು ಹೇಗೆ?

ಹೋದ ಸಂಚಿಕೆಯಲ್ಲಿ ಒಬ್ಬರು "ಪ್ರಪಂಚದ ಹತ್ತು ಶ್ರೇಷ್ಠ ಪುಸ್ತಕ ಹೇಳಿ ಮೇಡಂ" ಅಂತ ಕೇಳಿದ್ರು. ವಿಶ್ವಸಾಹಿತ್ಯ ಅನ್ನೋದು ದಿನಸಿ ಚೀಟಿ ಅಲ್ಲ, ನಾನು ಹೇಳಲ್ಲ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೆ. ಅದಕ್ಕೆ ಕೆಲವರಿಗೆ ಸಿಟ್ಟು ಬಂದಿದೆ, ಕೆಲವರಿಗೆ ಕುತೂಹಲ ಹುಟ್ಟಿದೆ, ಒಟ್ಟಿನಲ್ಲಿ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದರ ಬಗ್ಗೇನೇ. ಹಾಗಾಗಿ ಮಿಕ್ಕ ಪ್ರಶ್ನೆಗಳನ್ನ ಮುಂದಿನ ತಿಂಗಳಿಗೆ ತಳ್ಳಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಾನು ಬಿ.ಎ. ಕೊನೇ ವರ್ಷ, ಐಚ್ಛಿಕ ಕನ್ನಡ ಮತ್ತು ಐಚ್ಛಿಕ ಇಂಗ್ಲಿಷ್ ತಗೊಂಡಿದೀನಿ. ಬೇರೆ ಬೇರೆ ದೇಶದ ಸಾಹಿತ್ಯಾನ ಒಟ್ಟಿಗೆ ಓದೋ ಎಂ.ಎ. ಇದೆಯಂತೆ, ಕಂಪ್ಯಾರಟಿವ್ ಲಿಟರೇಚರ್ ಅಂತ. ಅಪ್ಪನಿಗೆ ಹೇಳಿದ್ರೆ "ಹೋಲಿಸೋದು ಅಂದ್ರೆ ಏನು, ಬೆಂಡೆಕಾಯಿ ಬದನೆಕಾಯಿ ಹೋಲಿಸ್ದಂಗಾ, ಅದಕ್ಕೆ ಕೆಲಸ ಯಾರು ಕೊಡ್ತಾರೆ" ಅಂತಾರೆ. ಇದು ಎಲ್ಲೆಲ್ಲಿದೆ, ನಿಜವಾಗ್ಲೂ ಏನು ಓದಿಸ್ತಾರೆ? — ದಾವಣಗೆರೆಯ ವಿದ್ಯಾರ್ಥಿನಿ

ನೋಡಮ್ಮ, ನಿಮ್ಮಪ್ಪ ಕೇಳಿರೋದು ಒಳ್ಳೇ ಪ್ರಶ್ನೆ, ಆ ವಿಷಯದ ಮೇಷ್ಟ್ರುಗಳೇ ನೂರೈವತ್ತು ವರ್ಷದಿಂದ ಅದನ್ನ ಕೇಳ್ಕೊಂಡು ಜಗಳ ಆಡ್ತಿದಾರೆ. ಮೊದಲು ಹುಟ್ಟಿನ ಕತೆ ಹೇಳ್ತೀನಿ. 1827ರ ಜನವರಿ 31ನೇ ತಾರೀಕು ಜರ್ಮನ್ ಕವಿ ಗಯಟೆ ತನ್ನ ಕಾರ್ಯದರ್ಶಿ ಥರ ಇದ್ದ ಎಕರ್‌ಮನ್ ಹತ್ರ ಮಾತಾಡ್ತಾ, ಈಗ ಒಂದು ದೇಶದ ಸಾಹಿತ್ಯ ಅಂತ ಹೇಳ್ಕೊಳ್ಳೋದ್ರಲ್ಲಿ ಹೆಚ್ಚು ಅರ್ಥ ಇಲ್ಲ, ವಿಶ್ವಸಾಹಿತ್ಯದ ಕಾಲ ಬರ್ತಿದೆ ಅಂದನಂತೆ. ಆಗ ಅವನು ಓದ್ತಾ ಇದ್ದಿದ್ದು ಒಂದು ಚೀನೀ ಕಾದಂಬರಿ, ಅದೂ ಅನುವಾದದಲ್ಲಿ. ಅದಕ್ಕೂ ಮೂವತ್ತಾರು ವರ್ಷ ಮುಂಚೆ, 1791ರಲ್ಲೇ, ಅವನು ನಮ್ಮ ಶಾಕುಂತಲ ಓದಿ ಕುಣಿದಾಡಿಬಿಟ್ಟಿದ್ದ. ಅವನ ಕೈಗೆ ಸಿಕ್ಕಿದ್ದು ಕಾಳಿದಾಸನ ಸಂಸ್ಕೃತ ಅಲ್ಲ, ಕಲ್ಕತ್ತೆಯಲ್ಲಿ ಜಡ್ಜ್ ಆಗಿದ್ದ ವಿಲಿಯಂ ಜೋನ್ಸ್ 1789ರಲ್ಲಿ ಮಾಡಿದ ಇಂಗ್ಲಿಷಿನಿಂದ ಫಾರ್ಸ್ಟರ್ ಅನ್ನೋನು ಮಾಡಿದ ಜರ್ಮನ್. ಅಂದ್ರೆ ಅನುವಾದದ ಅನುವಾದ. ನಮ್ಮ ಸಬ್ಜೆಕ್ಟ್ ಇರೋದೇ ಅಲ್ಲಿ. ಯಾವ ಪುಸ್ತಕ ದೊಡ್ಡದು ಅನ್ನೋ ಮಾರ್ಕ್ಸ್ ಕಾರ್ಡ್ ಬರೆಯೋದಲ್ಲ, ಒಂದು ಕೃತಿ ತನ್ನ ಭಾಷೆ ಬಿಟ್ಟು ಹೊರಟಾಗ ದಾರಿಯಲ್ಲಿ ಏನು ಕಳ್ಕೊಳ್ತು, ಏನು ಸೇರಿಸ್ಕೊಳ್ತು, ಹೋದ ಊರಲ್ಲಿ ಯಾರ ಮನೆಯಲ್ಲಿ ಇಳ್ಕೊಳ್ತು, ಇದನ್ನ ನೋಡೋದು.

ನಮ್ಮ ದೇಶದಲ್ಲಿ ಇದರ ತವರುಮನೆ ಅಂದ್ರೆ ಕಲ್ಕತ್ತೆಯ ಜಾದವಪುರ ಯೂನಿವರ್ಸಿಟಿ. ಅದರ ಹಿಂದೆ ಒಂದು ಸ್ವಾರಸ್ಯ ಇದೆ. ಬಂಗಾಳ ವಿಭಜನೆ ಗಲಾಟೆ ಕಾಲದಲ್ಲಿ ಬ್ರಿಟಿಷರ ಯೂನಿವರ್ಸಿಟಿ ಬೇಡ ಅಂತ ಸ್ವದೇಶಿ ಜನ ಕಟ್ಟಿದ ನ್ಯಾಷನಲ್ ಕೌನ್ಸಿಲ್ ಆಫ್ ಎಜುಕೇಶನ್ ಅಂತ ಒಂದಿತ್ತು, ಅಲ್ಲಿ 1907ರಲ್ಲಿ ರವೀಂದ್ರನಾಥ ಠಾಕೂರರನ್ನ ಕಂಪ್ಯಾರಟಿವ್ ಲಿಟರೇಚರ್ ಬಗ್ಗೆ ಭಾಷಣ ಮಾಡಿ ಅಂತ ಕರೆದ್ರು. ಅವರು ನಿಮ್ಮ ಇಂಗ್ಲಿಷ್ ಹೆಸರು ನಿಮಗಿರಲಿ, ನಾನು ಬಂಗಾಳಿಯಲ್ಲಿ ಅದನ್ನ ವಿಶ್ವಸಾಹಿತ್ಯ ಅಂತ ಕರೀತೀನಿ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಅದೇ ಸಂಸ್ಥೆ ಮುಂದೆ ಜಾದವಪುರ ಯೂನಿವರ್ಸಿಟಿ ಆಯ್ತು, 1956ರಲ್ಲಿ ಕವಿ ಬುದ್ಧದೇವ ಬಸು ಅಲ್ಲಿ ಈ ವಿಭಾಗ ಶುರು ಮಾಡಿದ್ರು. ಅವರು ಬರೀ ಮೇಷ್ಟ್ರಲ್ಲ, ಫ್ರೆಂಚ್ ಕವಿ ಬೋದಿಲೇರ್, ಜರ್ಮನ್ ಕವಿ ರಿಲ್ಕೆಯನ್ನೂ ಕಾಳಿದಾಸನ ಮೇಘದೂತವನ್ನೂ ಬಂಗಾಳಿಗೆ ತಂದ ಮನುಷ್ಯ. ಇನ್ನೊಂದು ತಮಾಷೆ ಕೇಳಿ, ಅದೇ 1956ರಲ್ಲಿ ಅಮೆರಿಕದ ನಾರ್ಟನ್ ಕಂಪನಿ ಕಾಲೇಜು ಮಕ್ಕಳಿಗೆ ಅಂತ 'ಪ್ರಪಂಚದ ಮೇರುಕೃತಿಗಳು' ಅನ್ನೋ ಅರ್ಥದ ಹೆಸರಿಟ್ಟು ದಪ್ಪ ದಪ್ಪ ಸಂಕಲನ ತಂತು, ಅದರೊಳಗಿದ್ದ ಪ್ರಪಂಚ ಅಂದ್ರೆ ಯೂರೋಪು ಮತ್ತು ಅಮೆರಿಕ ಅಷ್ಟೇ. ಏಷ್ಯಾ, ಆಫ್ರಿಕಾದವರಿಗೆ ಅಲ್ಲಿ ಸರಿಯಾಗಿ ಬಾಗಿಲು ತೆಗೆದಿದ್ದು 1995ರ ವಿಸ್ತೃತ ಆವೃತ್ತಿಯಲ್ಲಿ. ನಮ್ಮ ರಾಜ್ಯ ಒಂದಾದ ವರ್ಷ ಕಲ್ಕತ್ತೆಯಲ್ಲಿ ಶುರುವಾದ ಕ್ಲಾಸು ಆ ಲೆಕ್ಕಕ್ಕೆ ಎಷ್ಟು ಮುಂದಿತ್ತು ನೋಡಿ.

ಮಿಕ್ಕಿದ್ದು ಬೇಗ ಹೇಳ್ತೀನಿ. ಹೈದರಾಬಾದ್ ಯೂನಿವರ್ಸಿಟಿಯಲ್ಲಿ 1988ರಿಂದ ಇದಕ್ಕೇ ಅಂತ ಸೆಂಟರ್ ಇದೆ, ಹೈದರಾಬಾದಿನದೇ ಇಫ್ಲೂನಲ್ಲಿ, ಅಂದ್ರೆ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ಯೂನಿವರ್ಸಿಟಿಯಲ್ಲಿ ಇದೆ, ಶಾಂತಿನಿಕೇತನದಲ್ಲಿ ಇದೆ, ದೆಹಲಿ ಯೂನಿವರ್ಸಿಟಿಯ ಆಧುನಿಕ ಭಾರತೀಯ ಭಾಷೆಗಳ ವಿಭಾಗದಲ್ಲಿ ತೌಲನಿಕ ಭಾರತೀಯ ಸಾಹಿತ್ಯ ಅಂತ ಇದೆ, ಕಾಸರಗೋಡಿನ ಪೆರಿಯದಲ್ಲಿರೋ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಜೊತೆ ಸೇರಿಸಿ ಓದಿಸ್ತಾರೆ, ಮಂಗಳೂರು ಕಡೆಯವರಿಗಂತೂ ಅದು ಪಕ್ಕದ ಮನೆ ಇದ್ದಂಗೆ. ಸೆಂಟ್ರಲ್ ಯೂನಿವರ್ಸಿಟಿಗಳಿಗೆ ಸಾಮಾನ್ಯವಾಗಿ ಸಿಯುಇಟಿ ಪಿಜಿ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು, ಜಾದವಪುರದ ದಾರಿ ಬೇರೆ, ಆಯಾ ವೆಬ್‌ಸೈಟ್ ನೋಡ್ಕೊಳ್ಳಿ.

ಕೆಲಸದ ವಿಷ್ಯ. ಸುಳ್ಳು ಹೇಳಲ್ಲ. ಕಾಲೇಜು ಮೇಷ್ಟ್ರಾಗೋಕೆ ಬರೆಯೋ ನೆಟ್ ಅರ್ಹತಾ ಪರೀಕ್ಷೆಯಲ್ಲಿ ಇದಕ್ಕೆ ಪ್ರತ್ಯೇಕ ಸಬ್ಜೆಕ್ಟ್ ಇದೆ, ಆದ್ರೆ ಕರ್ನಾಟಕದ ಡಿಗ್ರಿ ಕಾಲೇಜಲ್ಲಿ ಆ ಹೆಸರಿನ ಪೋಸ್ಟ್ ಹುಡುಕೋಕೆ ಹೊರಟ್ರೆ ಚಪ್ಪಲಿ ಸವೆಯುತ್ತೆ. ನನ್ನ ವಿದ್ಯಾರ್ಥಿನಿ ಒಬ್ಬಳು ಇಂಟರ್‌ವ್ಯೂಗೆ ಹೋದಾಗ, ಮೂರು ಭಾಷೆಯಲ್ಲಿ ಕವಿತೆ ಪಾಠ ಮಾಡಿ ತೋರಿಸಿ ಎಲ್ಲರೂ ತಲೆದೂಗಿದ ಮೇಲೆ ಕೊನೆಯಲ್ಲಿ "ಆದ್ರೆ ನಿಮ್ಮದು ಇಂಗ್ಲಿಷ್ ಎಂ.ಎ. ಅಲ್ವಲ್ಲಮ್ಮ" ಅಂತ ಫೈಲ್ ಮುಚ್ಚಿದ್ರು. ಅದಕ್ಕೇ ಹೇಳ್ತಿದೀನಿ, ಇಂಗ್ಲಿಷ್ ಅಥವಾ ಕನ್ನಡ ಎಂ.ಎ. ಮಾಡ್ಕೊಂಡು ಸಂಶೋಧನೆಗೆ ಈ ಕಡೆ ಬರೋದು ಒಂದು ದಾರಿ, ಅದ್ರಲ್ಲಿ ನಾಚಿಕೆ ಪಡೋದು ಏನಿಲ್ಲ. ಇನ್ನೊಂದು ಮಾತು, ನೀನು ಐಚ್ಛಿಕ ಕನ್ನಡ ತಗೊಂಡಿದೀಯಲ್ಲ, ಅದನ್ನ ಯಾರ ಮುಂದೆನೂ ಕಮ್ಮಿ ಮಾಡ್ಕೊಂಡು ಹೇಳಬೇಡ. ಈ ಸಬ್ಜೆಕ್ಟಲ್ಲಿ ಹಳಗನ್ನಡ ಬರೋದು ಅಂದ್ರೆ ಕೈಯಲ್ಲಿ ಬಂಡವಾಳ ಇದ್ದಂಗೆ.

ಪ್ರಶ್ನೆ: ನಾನು ಬ್ಯಾಂಕಿನಿಂದ ರಿಟೈರ್ ಆದವನು, ಟಾಲ್‌ಸ್ಟಾಯ್, ದಾಸ್ತೋವ್ಸ್ಕಿ ಎಲ್ಲಾ ಓದಿಕೊಂಡಿದೀನಿ, ಕೆಲವು ಕನ್ನಡದಲ್ಲಿ, ಕೆಲವು ಇಂಗ್ಲಿಷ್‌ನಲ್ಲಿ. ರಷ್ಯನ್ ಒಂದಕ್ಷರ ಬರದ ಪ್ರೊಫೆಸರ್‌ಗಳು ರಷ್ಯನ್ ಕಾದಂಬರಿ ಬಗ್ಗೆ ಪೇಪರ್ ಬರೆಯೋದು ಮೋಸ ಅಲ್ಲವೇ? — ಶಿವಮೊಗ್ಗದ ಓದುಗರು

ಸರ್, ಖಾರವಾಗೇ ಕೇಳಿದೀರಿ, ಒಪ್ಪಿಕೊಳ್ತೀನಿ ಅರ್ಧ.

ಎರಿಕ್ ಔವರ್‌ಬಾಖ್ ಅಂತ ಒಬ್ಬ ಪ್ರೊಫೆಸರ್ ಇದ್ದ, ಜರ್ಮನಿಯ ಮಾರ್‌ಬುರ್ಗ್ ಯೂನಿವರ್ಸಿಟಿಯಲ್ಲಿ. ಯಹೂದಿ ಅನ್ನೋ ಕಾರಣಕ್ಕೆ 1935ರಲ್ಲಿ ಅವನನ್ನ ಕೆಲಸದಿಂದ ತೆಗೆದ್ರು, ಮೊದಲ ಮಹಾಯುದ್ಧದಲ್ಲಿ ಅದೇ ಜರ್ಮನಿ ಪರವಾಗಿ ಹೋರಾಡಿದ ಮನುಷ್ಯ ಅವನು. 1936ರಲ್ಲಿ ಇಸ್ತಾಂಬುಲ್ ಯೂನಿವರ್ಸಿಟಿಗೆ ಹೋಗಿ ಸೇರ್ಕೊಂಡ. ಅಲ್ಲಿ ಕೂತು, ಹೊರಗೆ ಎರಡನೇ ಮಹಾಯುದ್ಧ ನಡೀತಿದ್ದಾಗ, 1942ರಿಂದ 1945ರ ತನಕ ಹೋಮರನಿಂದ ಹಿಡಿದು ವರ್ಜೀನಿಯಾ ವುಲ್ಫ್ ತನಕ ಯೂರೋಪಿನ ಸಾಹಿತ್ಯ ಬದುಕನ್ನ ಹೆಂಗೆ ಚಿತ್ರಿಸ್ತು ಅಂತ 'ಮೈಮೀಸಿಸ್' ಅನ್ನೋ ಪುಸ್ತಕ ಬರೆದ, 1946ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಅಚ್ಚಾಯ್ತು. ಅದರ ವಿಧಾನ ಏನು ಅಂದ್ರೆ ಹೆಚ್ಚಿನ ಅಧ್ಯಾಯಗಳ ಶುರುವಿನಲ್ಲಿ ಮೂಲ ಭಾಷೆಯ ಒಂದು ತುಂಡು, ಲ್ಯಾಟಿನ್ನೋ ಫ್ರೆಂಚೋ, ಅದನ್ನ ಅಕ್ಕಿ ಆರಿಸಿದಂಗೆ ಒಂದೊಂದೇ ಪದ ನೋಡ್ತಾ ಹೋಗೋದು. ಕೊನೆಯಲ್ಲಿ, ಇಲ್ಲಿ ನನಗೆ ಬೇಕಾದ ಲೈಬ್ರರಿ ಇಲ್ಲ, ಬಹುಶಃ ಎಲ್ಲಾ ಗ್ರಂಥ ಕೈಗೆ ಸಿಕ್ಕಿದ್ರೆ ನಾನು ಬರೆಯೋ ಹಂತಕ್ಕೇ ಬರ್ತಿರಲಿಲ್ಲ ಅಂತಾನೂ ಹೇಳ್ಕೊಂಡಿದಾನೆ. (ಇಸ್ತಾಂಬುಲಲ್ಲಿ ಪುಸ್ತಕ ಅಷ್ಟೇನೂ ಬರಗಾಲ ಇರಲಿಲ್ಲ ಅಂತ ಆಮೇಲಿನವರು ತೋರಿಸಿದಾರೆ, ಅದಿರಲಿ, ನಮಗೆಲ್ಲ ಲೈಬ್ರರಿ ಸರಿ ಇಲ್ಲ ಅನ್ನೋ ನೆಪಕ್ಕೆ ಇದೊಂದು ಒಳ್ಳೇ ಉತ್ತರ.)

ನಿಮ್ಮ ಪ್ರಶ್ನೆಗೆ ಬರೋದು ಇಲ್ಲಿ. ಹತ್ತೊಂಬತ್ತನೇ ಶತಮಾನದ ಹತ್ರ ಬಂದಾಗ ರಷ್ಯನ್ನರನ್ನ ಬಿಟ್ಟು ಮುಂದೆ ಹೋಗೋದು ಹೆಂಗೆ? ಔವರ್‌ಬಾಖ್ ಅಲ್ಲಿ ನಿಂತು, ಮೂಲ ಭಾಷೆಯಲ್ಲಿ ಓದೋಕೆ ಬರದಿದ್ದಾಗ ಇದನ್ನ ಸರಿಯಾಗಿ ಮಾಡೋಕೆ ಆಗಲ್ಲ ಅಂತ ಕೈ ಎತ್ತಿಬಿಡ್ತಾನೆ. ಆದ್ರೆ ಕೈ ಎತ್ತಿ ಸುಮ್ಮನಾದ್ನಾ, ಇಲ್ಲ, ಆಮೇಲೆ ಕೆಲವು ಪುಟ ರಷ್ಯನ್ನರ ಬಗ್ಗೆ ಬರೆದೇ ಬರೀತಾನೆ, ಯಾಕಂದ್ರೆ ಅವರನ್ನ ಬಿಟ್ರೆ ಯೂರೋಪಿನ ಕತೆಯೇ ಪೂರ್ತಿ ಆಗಲ್ಲ. ನನಗೆ ಇದು ಇಷ್ಟ. ನನಗೆ ಬರಲ್ಲ ಅಂತ ಮೊದಲು ಹೇಳಿ, ಆಮೇಲೆ ಮಾತಾಡು. ಹೇಳದೇ ಮಾತಾಡಿದ್ರೆ ನೀವಂದಂಗೆ ಮೋಸ.

ಇನ್ನು ಒಪ್ಪದೇ ಇರೋ ಅರ್ಧ. ನೀವು ಓದಿದ ದಾಸ್ತೋವ್ಸ್ಕಿ ಯಾರ ದಾಸ್ತೋವ್ಸ್ಕಿ ಅಂತ ಪುಟ ತಿರುಗಿಸಿ ನೋಡಿ. ಇಂಗ್ಲಿಷಿನದಾದ್ರೆ ಕಾನ್‌ಸ್ಟನ್ಸ್ ಗಾರ್ನೆಟ್ ಇರೋ ಸಾಧ್ಯತೆ ಜಾಸ್ತಿ, ಆಕೆ ಒಬ್ಬಳೇ ರಷ್ಯನ್‌ನಿಂದ ಹತ್ತಿರಹತ್ತಿರ ಎಪ್ಪತ್ತು ಸಂಪುಟ ಇಂಗ್ಲಿಷಿಗೆ ತಂದ ಹೆಂಗಸು. ರಷ್ಯನ್ ಕವಿ ಬ್ರಾಡ್‌ಸ್ಕಿ ಆಕೆ ಮೇಲೆ ಸಿಡುಕಿದ್ದ, ಇಂಗ್ಲಿಷ್ ಓದುಗರಿಗೆ ಟಾಲ್‌ಸ್ಟಾಯ್‌ಗೂ ದಾಸ್ತೋವ್ಸ್ಕಿಗೂ ವ್ಯತ್ಯಾಸ ಗೊತ್ತಾಗಲ್ಲ ಯಾಕಂದ್ರೆ ಅವರು ಇಬ್ಬರನ್ನೂ ಓದ್ತಿಲ್ಲ, ಗಾರ್ನೆಟ್‌ನ ಓದ್ತಿದಾರೆ ಅನ್ನೋ ಧಾಟಿಯಲ್ಲಿ. ಸರಿ, ಇದ್ದರೂ ಇರಬಹುದು. ಆದ್ರೆ ನಮ್ಮ ಕನ್ನಡದ ಎಷ್ಟೋ ಜನ ಓದಿ ಬರೆಯೋಕೆ ಶುರು ಮಾಡಿದ್ದು ಇಂಥ ಇಂಗ್ಲಿಷ್ ರಷ್ಯನ್ನರನ್ನ ಓದೇ ಅಲ್ವಾ, ನಮ್ಮ ಅನುವಾದಕರಲ್ಲಿ ಹೆಚ್ಚಿನವರು ಇಂಗ್ಲಿಷ್ ಹಿಡ್ಕೊಂಡೇ ಕನ್ನಡ ಮಾಡಿದ್ದು. ಹಾಗಾದ್ರೆ ಆ ಇಂಗ್ಲಿಷ್ ರಷ್ಯಾ, ಆ ಕನ್ನಡ ರಷ್ಯಾ ಹೆಂಗಿತ್ತು ಅಂತ ಸಂಶೋಧನೆ ಮಾಡೋದು ಮೋಸ ಅಲ್ಲ, ಅದಕ್ಕೆ ರಷ್ಯನ್ ಬರದಿದ್ರೂ ನಡೆಯುತ್ತೆ, ಕನ್ನಡ ಚೆನ್ನಾಗಿ ಬರಬೇಕು. ಹಾರ್ವರ್ಡಿನ ಡೇವಿಡ್ ಡ್ಯಾಮ್‌ರಾಷ್ 2003ರಲ್ಲಿ ವಿಶ್ವಸಾಹಿತ್ಯ ಅಂದ್ರೆ ಅನುವಾದದಲ್ಲಿ ಲಾಭ ಪಡೆಯೋ ಸಾಹಿತ್ಯ ಅಂತ ವಾದ ಮಾಡಿದ್ದು ಇದೇ ಅರ್ಥದಲ್ಲಿ. ಎಲ್ಲರೂ ಒಪ್ಪಿಲ್ಲ. ಎಮಿಲಿ ಆಪ್ಟರ್ ಅನ್ನೋ ಇನ್ನೊಬ್ಬ ಪ್ರೊಫೆಸರ್ 2013ರಲ್ಲಿ ಅನುವಾದ ಆಗದೇ ಉಳಿಯೋದನ್ನ ನುಂಗಿ ಹಾಕ್ತೀರಾ ಅಂತ ಒಂದಿಡೀ ಪುಸ್ತಕ ಬರೆದು ಜಗಳ ತೆಗೆದಳು. ನಾನು ಇಬ್ಬರ ನಡುವೆ ಬೇಲಿ ಮೇಲೆ ಕೂತವಳು.

ಪ್ರಶ್ನೆ: ನಾನು ಡಿಗ್ರಿ ಕಾಲೇಜಲ್ಲಿ ಪಾಠ ಮಾಡ್ತೀನಿ. ಪಾಶ್ಚಾತ್ಯ ಸಾಹಿತ್ಯ ಅಂತ ಒಂದು ಪೇಪರ್ ಇದೆ, ಗ್ರೀಕ್ ನಾಟಕ, ಶೇಕ್ಸ್‌ಪಿಯರ್, ರೊಮ್ಯಾಂಟಿಕ್ ಕವಿಗಳು, ಮುಗೀತು. ಮಕ್ಕಳು ಆಕಳಿಸ್ತಾರೆ. ಸಿಲಬಸ್ ಬದಲಾಯಿಸೋ ಅಧಿಕಾರ ನಂಗಿಲ್ಲ, ವಾರಕ್ಕೆ ಒಂದು ಪೀರಿಯಡ್ ಕದೀಬಹುದು. ಏನು ಮಾಡ್ಲಿ? — ಗದಗ ಜಿಲ್ಲೆಯ ಅಧ್ಯಾಪಕರು

ಗದಗ ಅಂದ್ರಲ್ಲ ಸರ್, ನನ್ನ ಕೆಲಸ ಸುಲಭ ಮಾಡಿದ್ರಿ. ನಿಮ್ಮ ಜಿಲ್ಲೆಯ ಸವಡಿಯವನೇ ದುರ್ಗಸಿಂಹ. ಕ್ರಿ.ಶ. 1031ರ ಸುಮಾರಿಗೆ, ಕಲ್ಯಾಣ ಚಾಲುಕ್ಯರ ಜಯಸಿಂಹನ ಕಾಲದಲ್ಲಿ ಕನ್ನಡದಲ್ಲಿ ಪಂಚತಂತ್ರ ಬರೆದವನು. ಆ ಒಂದು ಪೀರಿಯಡ್‌ಗೆ ಹತ್ತು ದೇಶದ ಹತ್ತು ಪುಸ್ತಕ ತುರುಕಬೇಡಿ, ಒಂದೇ ಪುಸ್ತಕ ತಗೊಂಡು ಅದರ ಹಿಂದೆ ಹಿಂದೆ ಹೋಗಿ. ಒಂದು ವರ್ಷ ಸಾಕಾಗಲ್ಲ, ನೋಡ್ತಿರಿ.

ನಮ್ಮ ಮಕ್ಕಳಿಗೆ ಪಂಚತಂತ್ರ ಅಂದ್ರೆ ವಿಷ್ಣುಶರ್ಮ. ದುರ್ಗಸಿಂಹ ಮಾತ್ರ ನಾನು ವಸುಭಾಗಭಟ್ಟನ ಪಂಚತಂತ್ರ ಹಿಡ್ಕೊಂಡಿದೀನಿ ಅಂತಾನೆ, ಆ ಸಂಸ್ಕೃತ ಮೂಲ ನಮಗೆ ಉಳಿದಿಲ್ಲ. ಉಳಿದಿಲ್ಲ ಅಂದ್ಮೇಲೆ ಅದು ಕತೆ ಮುಗೀತು ಅನ್ಕೋಬೇಕಿತ್ತು, ಆದ್ರೆ ಅದೇ ಕವಲಿನ ಪಂಚತಂತ್ರ ಸಮುದ್ರ ದಾಟಿ ಜಾವಾದಲ್ಲಿ, ಸಯಾಮಿನಲ್ಲಿ, ಲಾವೋಸಿನಲ್ಲಿ ಸಿಗುತ್ತೆ. ಹಳೇ ಜಾವಾ ಭಾಷೆಯ 'ತಂತ್ರಿ ಕಾಮಂದಕ'ದಲ್ಲಿ ಕತೆ ಹೇಳೋದು ಗಡ್ಡದ ಪಂಡಿತ ಅಲ್ಲ, ತಂತ್ರಿ ಅನ್ನೋ ಹುಡುಗಿ, ರಾಜನಿಗೆ ರಾತ್ರಿ ರಾತ್ರಿ ಕತೆ ಹೇಳ್ತಾಳೆ, ಅರೇಬಿಯನ್ ನೈಟ್ಸಿನ ಶಹರ್ಜಾದ್ ಥರ. ಅಂದ್ರೆ ಗದಗಿನ ಕವಿಗೂ ಜಾವಾದ ಕವಿಗೂ ಎಲ್ಲೋ ಒಂದು ಅಜ್ಜನಮನೆ ಸಂಬಂಧ, ಇಬ್ಬರಿಗೂ ಅದು ಗೊತ್ತಿಲ್ಲ. ಈ ನಂಟನ್ನ ಹುಡುಕಿ ಬರೆದವರಲ್ಲಿ ಮುಖ್ಯರು ನಮ್ಮ ಮೈಸೂರಿನ ಎ. ವೆಂಕಟಸುಬ್ಬಯ್ಯ, ನಿಘಂಟಿನ ಜಿ.ವಿ. ಅವರಲ್ಲ, ಇವರು ಬೇರೆ, ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಡಾಕ್ಟರೇಟ್ ಮಾಡಿದ್ದವರು. ಜರ್ಮನ್ ಇಂಗ್ಲಿಷ್ ಪತ್ರಿಕೆಗಳಲ್ಲಿ ಬರೆದ್ರು, ನಮ್ಮಲ್ಲಿ ಅವರ ಹೆಸರು ಹೇಳೋರು ಕಮ್ಮಿ.

ಪಡುವಣ ದಿಕ್ಕಿಗೆ ಹೋದ್ರೆ ಇನ್ನೂ ಮಜಾ. ಆರನೇ ಶತಮಾನದಲ್ಲಿ ಪರ್ಷಿಯಾದ ದೊರೆ ಅನುಶಿರ್ವಾನನ ಕಾಲದಲ್ಲಿ ಬುರ್ಜೋಯ್ ಅನ್ನೋ ವೈದ್ಯ ಇದನ್ನ ಅಲ್ಲಿನ ಆಗಿನ ಪಹ್ಲವಿ ಭಾಷೆಗೆ ಮಾಡಿದ, ಅದೂ ಕಳೆದುಹೋಯ್ತು. ಅದರಿಂದ ಎಂಟನೇ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫ ಅರಬ್ಬಿಗೆ ತಂದ, 'ಕಲೀಲಾ ವ ದಿಮ್ನಾ', ಅಂದ್ರೆ ನಮ್ಮ ಕರಟಕ ದಮನಕರೇ, ಹೆಸರು ಬಾಯಲ್ಲಿ ಹೊರಳಿ ಹಿಂಗಾಗಿದೆ. ಅಲ್ಲಿಂದ ಹೀಬ್ರೂ, ಸ್ಪ್ಯಾನಿಷ್, ಲ್ಯಾಟಿನ್, ಇಟಾಲಿಯನ್, 1570ರಲ್ಲಿ ಥಾಮಸ್ ನಾರ್ತ್ ಕೈಯಲ್ಲಿ ಇಂಗ್ಲಿಷ್. ಇದೇ ನಾರ್ತ್ ಮಾಡಿದ ಪ್ಲುಟಾರ್ಕನ ಇಂಗ್ಲಿಷನ್ನೇ ಶೇಕ್ಸ್‌ಪಿಯರ್ ತನ್ನ ರೋಮನ್ ನಾಟಕಗಳಿಗೆ ಬಳಸಿದ್ದು. ನೋಡಿ, ನಿಮ್ಮ ಸಿಲಬಸ್ಸಿಗೇ ವಾಪಸ್ ಬಂದ್ವಿ, ಪ್ರಿನ್ಸಿಪಾಲ್ ಕೇಳಿದ್ರೆ ಶೇಕ್ಸ್‌ಪಿಯರ್ ಪಾಠಾನೇ ಮಾಡ್ತಿದ್ದೆ ಅನ್ನಿ.

ಕ್ಲಾಸಲ್ಲಿ ಮಾಡೋಕೆ ಒಂದು ಜಾಗ ತೋರಿಸ್ತೀನಿ. ಸಂಸ್ಕೃತದ ಪ್ರಸಿದ್ಧ ಪಾಠದಲ್ಲಿ ದಮನಕ ಅನ್ನೋ ನರಿ ಚಾಡಿ ಹೇಳಿ ಸಿಂಹದ ಕೈಯಲ್ಲಿ ಎತ್ತನ್ನ ಕೊಲ್ಲಿಸಿ, ತಾನು ಮಂತ್ರಿಯಾಗಿ ಆರಾಮಾಗಿ ಉಳ್ಕೊಳ್ತಾನೆ. ಶಿಕ್ಷೆ ಗಿಕ್ಷೆ ಇಲ್ಲ, ರಾಜನೀತಿ ಅಷ್ಟೇ. ಅರಬ್ಬಿಗೆ ಹೋದ ಕೂಡ್ಲೇ ಒಂದು ಹೊಸ ಅಧ್ಯಾಯ ಸೇರ್ಕೊಂಡಿದೆ, ದಿಮ್ನಾನ ವಿಚಾರಣೆ. ನ್ಯಾಯಾಧೀಶ, ಸಾಕ್ಷಿ, ವಾದ, ಜೈಲು, ಕೊನೆಗೆ ನರಿಗೆ ಶಿಕ್ಷೆ. ಮುಕಫ್ಫನೇ ಸೇರಿಸಿರಬೇಕು ಅಂತ ವಿದ್ವಾಂಸರು ಸಾಮಾನ್ಯವಾಗಿ ಹೇಳ್ತಾರೆ. ಮಕ್ಕಳನ್ನ ಕೇಳಿ, ಯಾಕೆ ಬೇಕಾಯ್ತು ಆ ವಿಚಾರಣೆ? ಆ ಓದುಗರಿಗೆ ತಪ್ಪು ಮಾಡಿದವನು ತಪ್ಪಿಸ್ಕೊಂಡಿದ್ದು ಜೀರ್ಣ ಆಗ್ಲಿಲ್ವಾ, ಅಥವಾ ಖಲೀಫನ ಕಾಲದ ಆಸ್ಥಾನದ ರಾಜಕೀಯದ ಒಳಗಿದ್ದ ಮನುಷ್ಯನಿಗೆ ಬೇರೆ ಏನಾದ್ರೂ ಹೇಳೋದಿತ್ತಾ? ಆ ಮುಕಫ್ಫನನ್ನೇ ಆಮೇಲೆ ಅಧಿಕಾರದವರು ಕೊಲ್ಲಿಸಿದ್ರು ಅನ್ನೋದನ್ನ ಕೊನೆಗೆ ಹೇಳಿ, ಮೊದಲೇ ಹೇಳಿದ್ರೆ ಮಜಾ ಹೋಗುತ್ತೆ. ಆಮೇಲೆ ದುರ್ಗಸಿಂಹನ ಪುಸ್ತಕ ತೆಗೆದು ಅವನು ಎಲ್ಲಿ ಬದಲಾಯಿಸಿದಾನೆ ಅಂತ ಹುಡುಕೋಕೆ ಬಿಡಿ. ನಾನು ಇದನ್ನ ಒಂದು ಸಲ ಮಾಡಿದಾಗ ಹಿಂದಿನ ಬೆಂಚಿನ ಹುಡುಗ ಒಬ್ಬ ಎದ್ದು, "ಮೇಡಂ ನಮ್ಮಜ್ಜಿ ಹೇಳೋ ಕತೆಯಲ್ಲಿ ನರಿ ಬಾವಿಗೆ ಬಿದ್ದು ಸಾಯ್ತದೆ" ಅಂದ. ಅವತ್ತಿನ ಪೀರಿಯಡ್ ಅಲ್ಲೇ ನಿಂತು ಅಜ್ಜಿ ಕತೆ ಕಡೆಗೆ ತಿರುಗ್ತು, ನಾನು ತಡೀಲಿಲ್ಲ.

ಇನ್ನೊಂದು ಇದೇ ಥರದ್ದು ಬೇಕಂದ್ರೆ ದಂಡಿಯ ಕಾವ್ಯಾದರ್ಶ, ಕಾವ್ಯ ಹೆಂಗಿರಬೇಕು ಅಂತ ಹೇಳೋ ಸಂಸ್ಕೃತ ಪುಸ್ತಕ. ಕವಿರಾಜಮಾರ್ಗ ಅದನ್ನ ಇಟ್ಕೊಂಡೇ ಹೊರಟಿದ್ದು ಅಂತ ನಮಗೆಲ್ಲ ಗೊತ್ತು, ಆದ್ರೆ ಅದೇ ಪುಸ್ತಕ ಸಿಂಹಳದಲ್ಲಿ 'ಸಿಯಬಸ್‌ಲಕರ' ಆಯ್ತು, ತಮಿಳಲ್ಲಿ 'ದಂಡಿಯಲಂಕಾರಂ' ಆಯ್ತು, ಟಿಬೆಟಿಗೆ ಹೋಗಿ ಅಲ್ಲಿನ ಕವಿಗಳಿಗೆ ಪಠ್ಯಪುಸ್ತಕ ಆಯ್ತು. ಜೆರುಸಲೇಮಿನ ಹೀಬ್ರೂ ಯೂನಿವರ್ಸಿಟಿಯ ಯಿಗಲ್ ಬ್ರಾನರ್ ಈ ಎಲ್ಲ ಭಾಷೆ ಬಲ್ಲವರನ್ನ ಗುಂಪು ಸೇರಿಸಿ 2023ರಲ್ಲಿ ದೊಡ್ಡ ಪುಸ್ತಕ ತಂದಿದಾರೆ. ಒಬ್ಬರಿಗೆ ಇಷ್ಟು ಭಾಷೆ ಬರೋಕೆ ಸಾಧ್ಯ ಇಲ್ಲ, ಗುಂಪಾಗಿ ಕೂರಲೇಬೇಕು. ಕವಿರಾಜಮಾರ್ಗ ಓದ್ಕೊಂಡೋರು ಇಲ್ಲದೇ ಆ ಪಂಗ್ತಿ ಪೂರ್ತಿ ಆಗಲ್ಲ ಅನ್ನೋದು ನಮ್ಮ ಮಕ್ಕಳಿಗೆ ತಿಳೀಬೇಕು.

ಪ್ರಶ್ನೆ: ಡಿಸ್ಟಂಟ್ ರೀಡಿಂಗ್ ಅಂತ ಒಂದಿದೆಯಂತಲ್ಲ, ಅಂದ್ರೆ ಪುಸ್ತಕ ಓದದೇ ಪಿಎಚ್‌ಡಿ ತಗೊಳ್ಳೋದಾ? — ಬೆಳಗಾವಿ

ಪುಸ್ತಕ ಓದದೇ ಪಿಎಚ್‌ಡಿ ತಗೊಳ್ಳೋಕೆ ನಮ್ಮಲ್ಲಿ ಯಾವ ಥಿಯರಿನೂ ಬೇಕಾಗಿಲ್ಲ ಬಿಡಿ.

ಫ್ರಾಂಕೋ ಮೊರೆಟ್ಟಿ ಅನ್ನೋ ಇಟಲಿಯ ವಿಮರ್ಶಕ 2000ದಲ್ಲಿ ಒಂದು ಲೇಖನ ಬರೆದು, ಪ್ರಪಂಚದ ಕಾದಂಬರಿಗಳನ್ನೆಲ್ಲ ಒಬ್ಬ ಮನುಷ್ಯ ಓದಿ ಮುಗಿಸೋಕೆ ಆಗಲ್ಲ, ದೂರ ನಿಂತು ನೋಡೋದನ್ನ ಕಲೀರಿ ಅಂದ, ಆಮೇಲೆ 2010ರಲ್ಲಿ ಸ್ಟ್ಯಾನ್‌ಫರ್ಡಲ್ಲಿ ಕಂಪ್ಯೂಟರ್ ಇಟ್ಕೊಂಡು ಸಾವಿರಾರು ಕಾದಂಬರಿ ಎಣಿಸೋ ಲ್ಯಾಬ್ ಶುರುವಾಯ್ತು. ಎಣಿಸಬೇಕಂದ್ರೆ ಪಠ್ಯ ಕಂಪ್ಯೂಟರ್‌ನೊಳಗೆ ಸರಿಯಾಗಿ ಟೈಪಾಗಿ ಇರಬೇಕಲ್ಲ, ಕನ್ನಡಕ್ಕೆ ಕಷ್ಟ ಅಲ್ಲೇ. ಹಂಗಂತ ಏನೂ ಇಲ್ಲ ಅಂತಲ್ಲ, 'ವಚನ ಸಂಚಯ' ನೋಡಿ, ಒಂದು ಪದ ಕೊಟ್ರೆ ಯಾವ ಯಾವ ವಚನಕಾರರು ಎಲ್ಲೆಲ್ಲಿ ಬಳಸಿದಾರೆ ಅಂತ ಸಾಲಾಗಿ ತೋರಿಸುತ್ತೆ. 'ಕಾಯ' ಅಂತ ಹಾಕಿ ನೋಡಿ, ಸಂಜೆ ತನಕ ಏಳಲ್ಲ.

ಪ್ರಶ್ನೆ: ನನ್ನ ಗೈಡ್ ನನಗೆ ಒಬ್ಬ ಕನ್ನಡ ಕವಿ, ಒಬ್ಬ ಇಂಗ್ಲಿಷ್ ಕವಿ ಕೊಟ್ಟು 'ಒಂದು ತೌಲನಿಕ ಅಧ್ಯಯನ' ಮಾಡಿ ಅಂದಿದಾರೆ. ಇಬ್ಬರೂ ಪ್ರಕೃತಿ ಬಗ್ಗೆ ಬರೆದಿದಾರೆ ಅನ್ನೋದು ಬಿಟ್ರೆ ಮುಂದೆ ಏನು ಬರೀಬೇಕೋ ತಿಳೀತಿಲ್ಲ. — ಹೆಸರು ಬೇಡ, ಕಲಬುರಗಿ

ಅಯ್ಯೋ, ಈ 'ಅವರು ಮತ್ತು ಇವರು' ಪ್ರಬಂಧಗಳ ಕಾಟ ನನ್ನ ಕಾಲದಿಂದ್ಲೂ ಇದೆ. ನಾನು ವ್ಯಾಲ್ಯುಯೇಷನ್‌ಗೆ ಕೂತಾಗ ಇಂಥವು ಬಂದ್ರೆ ಮೊದಲು ಕೊನೇ ಅಧ್ಯಾಯ ತೆಗೀತಿದ್ದೆ, ಅಲ್ಲಿ 'ಹೀಗೆ ಇಬ್ಬರಲ್ಲೂ ಸಾಮ್ಯ ವೈಷಮ್ಯಗಳೆರಡೂ ಕಂಡುಬರುತ್ತವೆ' ಅಂತ ಇದ್ದೇ ಇರ್ತಿತ್ತು. ಯಾವ ಇಬ್ಬರನ್ನ ತಂದು ನಿಲ್ಲಿಸಿದ್ರೂ ಹಂಗೇ ಇರುತ್ತಲ್ಲಪ್ಪ.

ಗೈಡ್ ಹತ್ರ ಜಗಳ ಬೇಡ, ಹೆಸರು ಹಂಗೇ ಇಟ್ಕೊಂಡು ಒಳಗಿನ ಪ್ರಶ್ನೆ ಬದಲಾಯಿಸಿ. ಆ ಇಂಗ್ಲಿಷ್ ಕವಿ ಕನ್ನಡಕ್ಕೆ ಯಾವ ದಾರಿಯಿಂದ ಬಂದ? ಯಾವ ಕಾಲೇಜಲ್ಲಿ ಯಾವ ಪಠ್ಯಪುಸ್ತಕದಲ್ಲಿ ಇದ್ದ, ಯಾರು ಪಾಠ ಮಾಡ್ತಿದ್ರು, ಮೊದಲು ಯಾರು ಅನುವಾದ ಮಾಡಿದ್ರು, ಯಾವ ಛಂದಸ್ಸಿಗೆ ಹಾಕಿದ್ರು? ಬಿ.ಎಂ.ಶ್ರೀ. ಅವರನ್ನೇ ನೋಡಿ, ಇಂಗ್ಲಿಷ್ ಪ್ರೊಫೆಸರ್, 'ಇಂಗ್ಲಿಷ್ ಗೀತಗಳು' ತಂದ್ರು, ಅಲ್ಲಿಗೆ ನಿಲ್ಲಲಿಲ್ಲ, ಗ್ರೀಕ್ ಸಾಫೋಕ್ಲೀಸನ 'ಅಯಾಸ್' ನಾಟಕಾನ ತಗೊಂಡು 'ಅಶ್ವತ್ಥಾಮನ್' ಮಾಡಿದ್ರು, ಅದೂ ಹಳಗನ್ನಡದಲ್ಲಿ. ಗ್ರೀಕ್ ವೀರನ ಅವಮಾನ ಮಹಾಭಾರತದ ಅಶ್ವತ್ಥಾಮನ ಮೈಮೇಲೆ ಹೆಂಗೆ ಕೂತ್ಕೊಳ್ತು, ಎಲ್ಲಿ ಕೂತ್ಕೊಳ್ಲಿಲ್ಲ, ಚಿರಂಜೀವಿ ಅನ್ನಿಸ್ಕೊಂಡವನು ಆತ್ಮಹತ್ಯೆ ಮಾಡ್ಕೊಳ್ಳೋದು ಹೆಂಗೆ, ಇದು ನೋಡಿ ಪ್ರಶ್ನೆ ಅಂದ್ರೆ.

ಪ್ರಭಾವ ಅಂದ್ರೆ ಕಾಪಿ ಹೊಡೆಯೋದು ಅಂತನೂ ಅಂದ್ಕೋಬೇಡಿ. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಲ್ಲಿ ಪಿಎಚ್‌ಡಿ ಮಾಡ್ತಿದ್ದಾಗ ಅವರ ಮೇಷ್ಟ್ರು ಮಾಲ್ಕಮ್ ಬ್ರ್ಯಾಡ್‌ಬರಿ ಜೊತೆ ಬರ್ಗ್‌ಮನ್‌ನ 'ಸೆವೆಂತ್ ಸೀಲ್' ಸಿನಿಮಾ ನೋಡಿದ್ರು, ಸಬ್‌ಟೈಟಲ್ ಕೂಡ ಇರಲಿಲ್ಲವಂತೆ. ಅದು ಮುಗಿದ ಮೇಲೆ ಆದ ಮಾತುಕತೆಯಲ್ಲಿ, ಯೂರೋಪಿನವನು ಮಧ್ಯಯುಗಾನ ಪುಸ್ತಕ ಓದಿ ಕಟ್ಟಿಕೊಳ್ಳಬೇಕು, ನಮಗೆ ಅದು ಇವತ್ತೂ ಪಕ್ಕದ ಬೀದಿಯಲ್ಲಿದೆ ಅನ್ನೋದು ಹೊಳೆದು 'ಸಂಸ್ಕಾರ' ಬರೆಯೋಕೆ ದಾರಿ ಆಯ್ತು ಅಂತ ಅವರೇ ಹೇಳ್ಕೊಂಡಿದಾರೆ. ಸ್ವೀಡಿಷ್ ಸಿನಿಮಾ, ಇಂಗ್ಲಿಷ್ ಊರು, ತೀರ್ಥಹಳ್ಳಿ ಕಡೆಯ ಅಗ್ರಹಾರ. ಇದನ್ನ 'ಬರ್ಗ್‌ಮನ್ ಮತ್ತು ಅನಂತಮೂರ್ತಿ: ಒಂದು ತೌಲನಿಕ ಅಧ್ಯಯನ' ಅಂತ ಬರೆದ್ರೆ ಕೈಗೆ ಏನು ಸಿಗುತ್ತೆ ಹೇಳಿ?

ಪ್ರಶ್ನೆ: 'ಹಾರ್ಟ್ ಲ್ಯಾಂಪ್'ಗೆ ಬೂಕರ್ ಬಂದ ಮೇಲೆ ಹೊರದೇಶದ ಯೂನಿವರ್ಸಿಟಿಗಳಲ್ಲಿ ಕನ್ನಡ ಓದಿಸೋದು ಜಾಸ್ತಿ ಆಗುತ್ತಾ? ನನ್ನ ಮಗಳು ಅಮೆರಿಕದಲ್ಲಿ ಪಿಎಚ್‌ಡಿಗೆ ಹಾಕಬೇಕಂತಿದಾಳೆ, ಏನು ತಯಾರಿ ಬೇಕು? — ಮೈಸೂರು

ಕತೆ ಬರೆದ ಬಾನು ಮುಷ್ತಾಕ್, ಅದನ್ನ ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಇಬ್ಬರಿಗೂ 2025ರ ಮೇನಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಾನೂ ಪಕ್ಕದ ಮನೆಗೆಲ್ಲ ಸಿಹಿ ಹಂಚಿದವಳೇ. ಆದ್ರೆ ಪ್ರಶಸ್ತಿಯ ಅಂಗಡಿ ಬೇರೆ, ಕ್ಲಾಸ್‌ರೂಮ್ ಬೇರೆ. ಪ್ರಶಸ್ತಿ ಬಂದದ್ದು ಒಂದೆರಡು ವರ್ಷ ಮುಂದಿನ ಸಾಲಲ್ಲಿರುತ್ತೆ. ಕ್ಲಾಸಲ್ಲಿ ನಿಲ್ಲಬೇಕಂದ್ರೆ ಅಗ್ಗದ ಪೇಪರ್‌ಬ್ಯಾಕ್ ಬೇಕು, ಸುಲಭವಾಗಿ ಸಿಗಬೇಕು, ಮೇಷ್ಟ್ರಿಗೆ ಪಾಠ ಮಾಡೋಕೆ ಒಂದು ಮುನ್ನುಡಿ ಬೇಕು. ಷಿಕಾಗೋ ಯೂನಿವರ್ಸಿಟಿಯಲ್ಲಿದ್ದ ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ 1973ರಲ್ಲಿ ಪೆಂಗ್ವಿನ್‌ಗೆ ಮಾಡಿಕೊಟ್ಟ ವಚನಗಳ ಇಂಗ್ಲಿಷ್ ಇವತ್ತಿಗೂ ಓಡ್ತಿದೆ ಅಂದ್ರೆ ಅನುವಾದ ಚೆನ್ನಾಗಿದೆ ಅನ್ನೋದು ಒಂದು ಕಾರಣ, ಜೇಬಿಗೆ ಹಿಡಿಸೋ ಪೆಂಗ್ವಿನ್ ಅನ್ನೋದು ಇನ್ನೊಂದು. ಆಮೇಲೆ 2015ರಲ್ಲಿ ಶುರುವಾದ, ಭಾರತದ ಹಳೇ ಕೃತಿಗಳನ್ನ ಇಂಗ್ಲಿಷ್ ಜೊತೆ ತರೋ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಪುಸ್ತಕಮಾಲೆಯಲ್ಲಿ ವನಮಾಲಾ ವಿಶ್ವನಾಥ ಅವರ ರಾಘವಾಂಕನ ಹರಿಶ್ಚಂದ್ರ ಬಂತು, ಒಂದು ಪುಟ ಕನ್ನಡ, ಎದುರಿಗೆ ಇಂಗ್ಲಿಷ್. ಹಿಂಗೆ ಎದುರುಬದುರು ಇದ್ರೆ ಹೊರಗಿನ ಹುಡುಗ್ರೂ ಕನ್ನಡ ಅಕ್ಷರ ಕಲಿಯೋಕೆ ಕೈ ಹಾಕ್ತಾರೆ. ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಲ್ಲಿ ವಿವೇಕ ರೈ ಅವರು ಗೆಸ್ಟ್ ಪ್ರೊಫೆಸರ್ ಆಗಿ ಕನ್ನಡ ಪಾಠ ಮಾಡಿದ್ದೂ ನೆನಪಿರಲಿ.

ಮಗಳ ವಿಷ್ಯ. ಅಲ್ಲಿ ಪಿಎಚ್‌ಡಿ ಅಂದ್ರೆ ಐದಾರು ವರ್ಷ, ಸೀಟ್ ಸಿಕ್ಕಿದ್ರೆ ಸಾಮಾನ್ಯವಾಗಿ ಫೀಸ್ ಇರಲ್ಲ, ಸ್ಟೈಪೆಂಡ್ ಕೊಡ್ತಾರೆ, ಬದಲಿಗೆ ಬಿ.ಎ. ಮಕ್ಕಳಿಗೆ ಪಾಠ ಮಾಡಬೇಕು. ಆದ್ರೆ ಅವರು ಮೊದಲು ಕೇಳೋದು ಭಾಷೆ, ಎಷ್ಟೋ ಕಡೆ ಇಂಗ್ಲಿಷ್ ಬಿಟ್ಟು ಇನ್ನೆರಡು. ಕನ್ನಡ ಒಂದು ಆಯ್ತು. ಇನ್ನೊಂದು ಈಗ್ಲೇ ಶುರು ಮಾಡ್ಲಿ, ಬೆಂಗಳೂರಲ್ಲಿ ಮ್ಯಾಕ್ಸ್‌ಮುಲ್ಲರ್ ಭವನ ಇದೆ, ಅಲಿಯಾನ್ಸ್ ಫ್ರಾನ್ಸೇಸ್ ಇದೆ. ನಾನು ಜರ್ಮನ್ ಕಲಿತಿದ್ದು ಮೂವತ್ತೆರಡನೇ ವಯಸ್ಸಲ್ಲಿ, ಕಾಲೇಜು ಮುಗಿಸಿ ಸಂಜೆ ಕ್ಲಾಸಿಗೆ ಹೋಗಿ, ಪಕ್ಕದಲ್ಲಿ ಕೂತವರೆಲ್ಲ ಹತ್ತೊಂಬತ್ತರ ಹುಡುಗ್ರು, ಅವರೆಲ್ಲ ಪಟಪಟ ಅಂತಿದ್ರು, ನಾನು ನಾಮಪದಗಳ ಲಿಂಗ ಹೇಳೋ ಡೇರ್ ಡೀ ದಾಸ್‌ನಲ್ಲೇ ಒಂದು ವರ್ಷ ತೊಳಲಾಡಿದೆ. ಆದ್ರೂ ಬಂತು. ಫಾರ್ಸಿನೋ ತಮಿಳೋ ಆದ್ರೆ ಇನ್ನೂ ಒಳ್ಳೇದು, ಎಲ್ಲರೂ ಫ್ರೆಂಚ್ ಹಿಂದೆನೇ ಯಾಕೆ ಹೋಗಬೇಕು?

ಪ್ರಶ್ನೆ: ನಮಗೆ ಡಿಗ್ರಿ ಗಿಗ್ರಿ ಏನೂ ಬೇಡ. ನಾವು ಏಳೆಂಟು ಜನ ಹೆಂಗಸರು ಶನಿವಾರ ಸೇರಿ ಓದ್ತೀವಿ, ಇಂಗ್ಲಿಷ್ ಎಲ್ಲರಿಗೂ ಬರಲ್ಲ. ಕನ್ನಡದಲ್ಲೇ ಪ್ರಪಂಚದ ಸಾಹಿತ್ಯ ಓದೋಕೆ ಎಲ್ಲಿಂದ ಶುರು ಮಾಡೋದು? — ಸಾಗರ

ನಿಮ್ಮ ಹತ್ರಾನೇ ಹೆಗ್ಗೋಡು ಇದೆ, ಅಕ್ಷರ ಪ್ರಕಾಶನದವರ ಅನುವಾದದ ನಾಟಕಗಳಿಂದ ಶುರು ಮಾಡಿದ್ರೂ ಆಗುತ್ತೆ, ಗಟ್ಟಿಯಾಗಿ ಓದೋಕೆ ಪಾತ್ರ ಹಂಚ್ಕೋಬಹುದು. ಕತೆ ಬೇಕು ಅಂದ್ರೆ ನಿರಂಜನರು ಸಂಪಾದಿಸಿದ 'ವಿಶ್ವಕಥಾಕೋಶ', ನವಕರ್ನಾಟಕದವರು ಎಂಬತ್ತರ ದಶಕದ ಶುರುವಲ್ಲಿ ತಂದಿದ್ದು, 25 ಸಂಪುಟ. ಯಾವ ಯೂನಿವರ್ಸಿಟಿನೂ ಮಾಡದ ಕೆಲಸ ಅದು. ಅದರಲ್ಲಿ ನನಗೆ ಬಹಳ ಇಷ್ಟ ಆಗೋದು ಏನು ಗೊತ್ತಾ, ಮೊದಲನೇ ಸಂಪುಟ 'ಧರಣಿಮಂಡಲ ಮಧ್ಯದೊಳಗೆ' ಇದೆಯಲ್ಲ, ಅದು ಕನ್ನಡ ಕತೆಗಳದ್ದೇ. ಪ್ರಪಂಚ ಸುತ್ತೋಕೆ ಹೊರಟವರು ನಮ್ಮನೆ ಹೊಸಿಲಿಂದ್ಲೇ ಎಣಿಸೋಕೆ ಶುರು ಮಾಡಿದಾರೆ.

ನನ್ನ ಸೆಟ್ಟಲ್ಲಿ ಎರಡು ಸಂಪುಟ ಕಮ್ಮಿ ಇದೆ. ಯಾರೋ ನನ್ನ ಹಳೇ ವಿದ್ಯಾರ್ಥಿನೇ ತಗೊಂಡು ಹೋಗಿದ್ದು, ಈ ಅಂಕಣ ಓದ್ತಿದ್ರೆ ಪತ್ರಿಕೆ ಆಫೀಸಿಗಾದ್ರೂ ತಂದು ಕೊಡಪ್ಪ, ಯಾಕೆ ತಡ ಆಯ್ತು ಅಂತ ಕೇಳಲ್ಲ.